ಮುಖಪರಿಚಯ

ಯಾರಾದರೂ ಸುಳಿದರೆ ತಾನಾಗಿ ಹೊತ್ತಿಕೊಳ್ಳುವ ಕ್ಯಾಮೆರಾ ದೀಪವನ್ನು ಗೇಟಿನ ಮೇಲೆ ಕೂರಿಸಿದ ಎಲೆಕ್ಟ್ರಿಷಿಯನ್, ಮನೆಯವರ ಮುಖಗಳನ್ನು ಒಂದೊಂದಾಗಿ ಅದಕ್ಕೆ ಪರಿಚಯ ಮಾಡಿಸುತ್ತಿದ್ದ. ಯಜಮಾನರದಾಯಿತು, ಮಗಳದಾಯಿತು, ಕೊನೆಗೆ ನಾಯಿಯದೂ ಆಯಿತು.

“ಪುಟ್ಟಗೌರಿ, ನೀನೂ ಬಂದು ನಿಂತ್ಕೋ,” ಎಂದರು ಅಮ್ಮಾವ್ರು.

ಹದಿನೆಂಟು ವರ್ಷ ಆ ಮನೆಯ ಮುಸುರೆ ತಿಕ್ಕಿದವಳಿಗೆ ಕಣ್ಣು ತುಂಬಿ ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಣೆಯ ಕುಂಕುಮ ಸರಿಮಾಡಿಕೊಂಡು ನಿಂತಳು.

“ನಾನೂ ಮನೆಯೋಳೇ ಅಂತ ಇದಕ್ಕೆ ಗೊತ್ತಾಗತ್ತಾ ಅಣ್ಣಾ?”

“ಅಲ್ಲಾಡ್ಬೇಡಿ ಅಕ್ಕ. ಹಾಂ, ಆಯ್ತು.” ಅವನು ಅಮ್ಮಾವ್ರ ಕಡೆ ತಿರುಗಿದ. “ಇವರು ಬಂದ್ರೂ ಬರೀ ಲೈಟ್ ಸಾಕಾ ಮೇಡಂ?”

“ಸಾಲದು. ಇವತ್ತಿಗೆ ಇವಳ ಕೆಲಸ ಮುಗೀತು. ನಾಳೆಯಿಂದ ಈ ಮುಖ ಕಂಡ್ರೆ ಸೈರನ್ ಹೊಡ್ಕೋಬೇಕು.”