ಏಳುನೂರ ಇಪ್ಪತ್ತು ಲೀಟರ್

ಏಳುನೂರ ಇಪ್ಪತ್ತು ಲೀಟರ್ ನೀರು ಹಾಡಹಗಲೇ ಕಳುವಾಗಿತ್ತು.

ಅಕ್ಕ ಮೂರು ಸಲ ಕೂಡಿ ನೋಡಿದಳು. ತಾಮ್ರದ ಹಂಡೆಯಲ್ಲಿ ಒಂದು ದಿನದ ಹಣ್ಣಿನ ಮದ್ಯ ಭಟ್ಟಿ ಇಳಿಸುವಾಗ, ಆವಿ ತಣಿಸುವ ಕೊಳವೆಗೆ ಎರಡು ಸಾವಿರದ ನಾನೂರು ಲೀಟರ್ ನೀರು ಬೇಕು. ಪಾತ್ರೆ, ನೆಲ ತೊಳೆಯಲು ಮುನ್ನೂರು. ಅಲ್ಲಿಗೆ ಎರಡು ಸಾವಿರದ ಏಳುನೂರು. ಮೀಟರು ಮೂರು ಸಾವಿರದ ನಾನೂರ ಇಪ್ಪತ್ತು ಎನ್ನುತ್ತಿತ್ತು.

ಅಕ್ಕತಂಗಿಯರ ಆ ಪುಟ್ಟ ಭಟ್ಟಿಗೆ ಪರವಾನಗಿ ಬಂದಾಗಿತ್ತು. ಬಾಕಿ ಇದ್ದದ್ದು ಒಂದೇ ಒಂದು ಅರ್ಜಿ. ಕರೆಂಟು, ಗ್ಯಾಸು, ನೀರಿಗೆ ತಿಂಗಳಿಗೆ ಏನು ಖರ್ಚು ಬೀಳುತ್ತದೆಂದು ಅದರಲ್ಲಿ ಅಂದಾಜು ಬರೆಯಬೇಕು. ನೀರಿಗೆ ಒಂದು ಪೂರ್ತಿ ದಿನದ ಅಳತೆ ಬೇಕು, ಕೆಳಗೆ ತಿಳಿದವರ ಸಹಿ ಬೇಕು. ಶುಕ್ರವಾರ ಸಂಜೆ ಕಡೆಯ ಗಡುವು. ದಿನಕ್ಕೆ ಮೂರು ಸಾವಿರ ಲೀಟರ್ ದಾಟಿತೋ, ಅದು ಅಂಗಡಿಯಲ್ಲ, ಕಾರ್ಖಾನೆ. ದರ ಮೂರು ಪಟ್ಟು, ಜಾಗ ಊರಾಚೆ. ಊರಾಚೆ ಹೋಗುವ ತ್ರಾಣ ಇಬ್ಬರಿಗೂ ಇರಲಿಲ್ಲ. ವ್ಯಾಪಾರ ಶುರುವಾಗುವ ಮೊದಲೇ ಭಟ್ಟಿ ಆರಿಸಬೇಕಾಗುತ್ತಿತ್ತು.

ಕರೆಂಟು, ಗ್ಯಾಸಿನ ಅಂದಾಜು ಸರಿಹೋಯಿತು. ನೀರಿಗಾಗಿ ಚಿಕ್ಕಪ್ಪನನ್ನು ಕರೆಸಿದ್ದರು. ನೀರಿನ ಇಲಾಖೆಯಲ್ಲಿ ಮೂವತ್ತು ವರ್ಷ ಮೀಟರು ಪರೀಕ್ಷಕನಾಗಿದ್ದವನು. ಹೆಂಡತಿ ಗಂಟೆ ಹೇಳಿದರೂ ಇನ್ನೊಂದು ಗಡಿಯಾರ ನೋಡದೆ ಒಪ್ಪದ ಮನುಷ್ಯ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮೀಟರು ಬರೆದುಕೊಂಡು, ಅಲ್ಲಿಂದ ಸಂಜೆ ಐದರವರೆಗೆ, ಗಂಟೆಗೊಮ್ಮೆ, ಎಂಟು ಸಲ, ಆತ ಹಿತ್ತಿಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಲೆಕ್ಕದ ನಡುವೆ ಯಾರಾದರೂ ಮಾತಾಡಿಸಿದರೆ ತಪ್ಪುತ್ತದಂತೆ. ಮೀಟರು ಇದ್ದದ್ದು ಕೆಸರಿನ ಹೊಂಡದಲ್ಲಿ. ಹತ್ತು ನಿಮಿಷ ಬಿಟ್ಟು ಮೊಣಕಾಲಿನವರೆಗೆ ಒದ್ದೆಯಾಗಿ ಹೊರಬರುತ್ತಿದ್ದ. ಉರಿಯುವ ಒಲೆ ಬಿಟ್ಟು ಅಕ್ಕತಂಗಿಯರು ಕದಲುವಂತಿರಲಿಲ್ಲ.

"ಮೀಟರ್ ಚಿನ್ನದಂಥದ್ದು. ಯಾರೋ ಕದೀತಿದ್ದಾರೆ ಕಣಮ್ಮ," ಎಂದ ಚಿಕ್ಕಪ್ಪ, ಪ್ಯಾಂಟಿನ ತುದಿ ಹಿಂಡುತ್ತಾ.

ಬುಧವಾರವೂ ಅಷ್ಟೇ ನೀರು ಮಾಯ. ಒಂದು ಲೀಟರ್ ಹೆಚ್ಚಿಲ್ಲ, ಒಂದು ಲೀಟರ್ ಕಡಿಮೆಯಿಲ್ಲ. ಚಿಕ್ಕಪ್ಪನ ಅನುಮಾನ ಗೋಡೆಯಾಚೆಯ ಕ್ಷೌರದಂಗಡಿಯ ಮೇಲೆ ಬಿತ್ತು. ಅಲ್ಲಿ ಇತ್ತೀಚೆಗೆ ಟವೆಲುಗಳು ವಿಪರೀತ ಬೆಳ್ಳಗಿದ್ದವು. ಗುಟ್ಟು ತಿಳಿಯಲು ತಾನೇ ಗಿರಾಕಿಯಾಗಿ ಹೋಗಿ ಕುರ್ಚಿಯಲ್ಲಿ ಕೂತ. ಮುಖಕ್ಕೆ ನೊರೆ ಬಿತ್ತು. ಎಡಗಡೆಯ ಮೀಸೆ ಹೋಯಿತು. ಅಷ್ಟರಲ್ಲಿ ಆತನಿಗೆ ತಡೆಯಲಾಗಲಿಲ್ಲ. ಈ ನೀರು ಯಾರಪ್ಪನ ಮನೆಯದು ಎಂದು ಕೇಳಿಯೇಬಿಟ್ಟ.

ಕ್ಷೌರಿಕ ಕತ್ತಿಯನ್ನು ಒರೆಸಿ ಮಡಿಸಿಟ್ಟ. ಅಂಗಡಿಯ ಹಿಂದಿದ್ದ ಸ್ವಂತ ಬಾವಿಯನ್ನೂ ಪಂಪನ್ನೂ ತೋರಿಸಿದ.

"ನೋಡಿದ್ರಲ್ಲ ಯಜಮಾನ್ರೇ. ಇನ್ನರ್ಧ ಮೀಸೆ ನಿಮ್ಮ ನಲ್ಲಿ ನೀರಲ್ಲೇ ತೆಗೆಸ್ಕೊಳ್ಳಿ."

ಊರಿನಲ್ಲಿ ಬೇರೆ ಕ್ಷೌರಿಕರಿದ್ದರು. ಆದರೆ ಕಳ್ಳ ಸಿಗುವವರೆಗೆ ಮುಖಕ್ಕೆ ಕತ್ತಿ ತಾಗಿಸುವುದಿಲ್ಲವೆಂದು ಚಿಕ್ಕಪ್ಪ ಹಟ ಹಿಡಿದ. ಬಂದ ಗಿರಾಕಿಗಳು ಮದ್ಯದ ಬೆಲೆ ಕೇಳುವುದು ಬಿಟ್ಟು, ಕುಡಿದರೆ ಹೀಗಾಗುತ್ತದೆಯೇ ಎಂದು ತಂಗಿಯನ್ನು ವಿಚಾರಿಸಿ ಹೋದರು.

ಗುರುವಾರ ಕಾವಲು ಬಿಗಿಯಾಯಿತು. ಬೀದಿ ಕಡೆಯ ನಲ್ಲಿಗೆ ಬಿರಡೆ ಬಿತ್ತು. ಹಿತ್ತಿಲಿನ ನಲ್ಲಿಗೆ ಬೀಗ ಜಡಿದು, ಕೀಲಿಯನ್ನು ಚಿಕ್ಕಪ್ಪ ಕೊರಳಿಗೇ ಕಟ್ಟಿಕೊಂಡ. ಗಂಟೆಗೊಮ್ಮೆ ಇದ್ದ ತಪಾಸಣೆ ಅರ್ಧ ಗಂಟೆಗೊಮ್ಮೆ ಆಯಿತು. ಹೋದ, ಬಂದ, ಒದ್ದೆಯಾದ, ಮತ್ತೆ ಹೋದ. ಮಧ್ಯಾಹ್ನದ ಹೊತ್ತಿಗೆ ಸೀನಲು ಶುರುಮಾಡಿದ.

ಸಂಜೆ ಮೀಟರು ನಾಲ್ಕು ಸಾವಿರದ ನೂರ ನಲವತ್ತು ತೋರಿಸಿತು. ಕಳುವಾದದ್ದು ಸಾವಿರದ ನಾನೂರ ನಲವತ್ತು.

"ಸರಿಯಾಗಿ ಎರಡರಷ್ಟು. ನಿಮ್ಮ ಕಳ್ಳನಿಗೆ ಮಗ್ಗಿ ಬರುತ್ತೆ ಚಿಕ್ಕಪ್ಪ," ಎಂದಳು ತಂಗಿ.

"ನಾನು ಕಣ್ಣು ಬಿಟ್ಟಷ್ಟೂ ಅವನು ಕೈ ಉದ್ದ ಮಾಡ್ತಾನೆ," ಎಂದು ಚಿಕ್ಕಪ್ಪ ಮೂಗೊರೆಸಿಕೊಂಡ. "ಇಂಥ ಗಟ್ಟಿಗನನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ."

ಅಕ್ಕ ಬಾಟಲಿಗೆ ಅಂಟಿಸಲು ತರಿಸಿದ್ದ ಚೀಟಿಗಳನ್ನು ಒಂದೊಂದಾಗಿ ಡಬ್ಬಿಗೆ ವಾಪಸು ಹಾಕತೊಡಗಿದಳು.

ಶುಕ್ರವಾರ ಬೆಳಿಗ್ಗೆ ಚಿಕ್ಕಪ್ಪ ಬರಲಿಲ್ಲ. ನೂರೆರಡು ಜ್ವರ. ಏಳಲಾಗುವುದಿಲ್ಲ, ತಂಗಿಯೇ ಮೀಟರು ನೋಡಿ ಬರೆದುಕೊಳ್ಳಲಿ ಎಂದು ಹೇಳಿಕಳಿಸಿದ. ಅಕ್ಕ ಒಲ್ಲದ ಮನಸ್ಸಿನಿಂದ ಕೊನೆಯ ಸಲವೆಂಬಂತೆ ಹಂಡೆಯ ಒಲೆ ಹತ್ತಿಸಿದಳು. ತಂಗಿ ಒಂಬತ್ತಕ್ಕೆ ಬರೆದುಕೊಂಡಳು. ಐದಕ್ಕೆ ಮತ್ತೆ ಹೊಂಡಕ್ಕೆ ಬಗ್ಗಿದವಳಿಗೆ ಮೇಲೇಳಲು ತುಸು ಹೊತ್ತು ಹಿಡಿಯಿತು.

ಎರಡು ಸಾವಿರದ ಏಳುನೂರು.

ಅರ್ಜಿ ಹಿಡಿದು ಒಂದೇ ಉಸಿರಿಗೆ ಚಿಕ್ಕಪ್ಪನ ಮನೆಗೆ ಓಡಿದಳು. ಆತ ಮೂರು ಕಂಬಳಿಗಳ ಕೆಳಗಿಂದ ಅರ್ಧ ಮೀಸೆಯ ಮುಖ ಹೊರಹಾಕಿ ಅಂಕಿ ನೋಡಿದ. ಕಣ್ಣು ಹೊಳೆಯಿತು. ತಾನು ಮನೆಯಲ್ಲಿ ಬಿದ್ದಿದ್ದೇನೆಂದು ಕಳ್ಳನಿಗೆ ಗೊತ್ತಿಲ್ಲ, ಎಲ್ಲೋ ಹೊಂಚು ಹಾಕಿದ್ದೇನೆಂದು ಹೆದರಿ ಓಡಿದ್ದಾನೆ ಎಂದು ವಿವರಿಸಿದ. ಸಹಿ ಹಾಕಿದ. ತಂಗಿ ಅರ್ಜಿಯನ್ನು ಮಡಿಸಿ ಚೀಲದೊಳಗೆ ಭದ್ರ ಮಾಡಿದಳು.

"ಅರ್ಧ ಗಂಟೆಗೊಮ್ಮೆ ಮೀಟರ್ ಪರೀಕ್ಷೆ ಮಾಡಿದ್ಯಾ?" ಎಂದು ಕೇಳಿದ.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ ಬರ್ಕೊಂಡೆ ಚಿಕ್ಕಪ್ಪ."

"ಬರೀ ನೋಡಿದ್ಯಾ? ಅಯ್ಯೋ ಪೆದ್ದಿ, ಮೀಟರ್ ಹೇಳಿದ್ದನ್ನ ಹಾಗೇ ನಂಬ್ತಾರಾ! ಪ್ರತಿ ಸಲಾನೂ ನಲ್ಲಿ ಬಿಟ್ಟು, ಅಳೆದು ಆರು ಬಕೆಟ್ ತುಂಬಿಸಿ, ಮೋರಿಗೆ ಚೆಲ್ಲಿ, ಮೀಟರ್ ತೊಂಬತ್ತು ಲೀಟರ್ ಓಡ್ತಾ ಅಂತ ನೋಡ್ಬೇಕು. ಮೂರು ದಿನದಿಂದ ನಾನು ಹಿತ್ತಿಲಲ್ಲಿ ಇನ್ನೇನು ಮಾಡ್ತಿದ್ದೆ ಅಂದ್ಕೊಂಡೆ?"