ಗುಳ್ಳೆಗುಳ್ಳೆ ಚಾವಣಿ

ಏಣಿಯ ಮೇಲಿದ್ದ ಪೇಂಟರ್ ಕೆರೆಯುವ ಪಟ್ಟಿಯಿಂದ ಚಾವಣಿಯ ಒಂದು ಗುಳ್ಳೆಯನ್ನು ಕಿತ್ತ. ಬಿಳಿ ಪುಡಿ ಉದುರಿ, ಕೆಳಗೆ ಮಂಚದಲ್ಲಿ ಮಲಗಿದ್ದವಳ ಹೊದಿಕೆಯ ಮೇಲೆ ಬಿತ್ತು. ಗಂಡ ಥಟ್ಟನೆ ಬಗ್ಗಿ ಅದನ್ನು ಅಂಗೈಯಿಂದ ಒರೆಸಿದ. ಚೆಂದ ಕಾಣುತ್ತದೆಂದು ಅವಳೇ ಹಟ ಹಿಡಿದು ಮಾಡಿಸಿದ್ದ ಆ ಉಬ್ಬುತಗ್ಗಿನ ಗಾರೆ, ಹಾಸಿಗೆ ಹಿಡಿದ ಮೇಲೆ ಅವಳ ಕಣ್ಣಿಗೆ ಹುಳುಗಳ ಹಾಗೆ ಹರಿದಾಡತೊಡಗಿತ್ತು. "ಕೆರೆಸಿ ನುಣ್ಣಗೆ ಮಾಡಿಸಿಬಿಡಿ ರೀ" ಎಂದು ದಿನಾ ಗೋಗರೆಯುತ್ತಿದ್ದಳು.

"ಮೆತ್ತಿದವನು ಗಟ್ಟಿಗ ಸಾರ್, ಸುಲಭಕ್ಕೆ ಬರಲ್ಲ" ಎಂದ ಪೇಂಟರ್. "ವಿಪರೀತ ಧೂಳಾಗುತ್ತೆ. ಒಂದು ವಾರ ರೂಮು ಖಾಲಿ ಇರ್ಬೇಕು. ಅಕ್ಕನ್ನ ಬೇರೆ ಕಡೆ ಮಲಗಿಸಿ."

ಗಂಡ ಮಂಚವನ್ನು ನೋಡಿದ, ಪಕ್ಕದಲ್ಲಿ ಗೊರಗುಟ್ಟುತ್ತಿದ್ದ ಆಕ್ಸಿಜನ್ ಮೆಷಿನ್ನನ್ನು ನೋಡಿದ. ಅವಳನ್ನು ಕದಲಿಸಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಉಳಿದದ್ದನ್ನು ಅವನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದರು. ಅವಳಿಗೆ ಮಾತ್ರ ಅವನು ವಾಸಿಯಾಗುತ್ತೆ ಎಂದೇ ಹೇಳುತ್ತ ಬಂದಿದ್ದ. ಈಗ ನಿದ್ದೆಗೆಟ್ಟ ಕಣ್ಣುಜ್ಜಿಕೊಳ್ಳುತ್ತ, ಮನೆಗೆಲಸ ಮಾತಾಡುವವನ ದನಿಯಲ್ಲಿ ಅಂದುಬಿಟ್ಟ: "ಹಾಗಾದ್ರೆ ಈಗ ಬೇಡಪ್ಪ. ಮುಂದಿನ ತಿಂಗಳು ಬಾ. ಅಷ್ಟೊತ್ತಿಗೆ ರೂಮು ಖಾಲಿ ಆಗಿರುತ್ತೆ."

ಪಟ್ಟಿ ಹಿಡಿದ ಕೈ ಚಾವಣಿಯಲ್ಲೇ ನಿಂತಿತು. ಪೇಂಟರ್ ಕೆಳಗೆ ನೋಡಲಿಲ್ಲ. ಆಡಿದ್ದು ಅರಿವಾಗಿ ಗಂಡ ಮತ್ತೆ ಮಂಚದತ್ತ ಬಗ್ಗಿದ. ಅವನ ಕೈ ಪುಡಿಯೇ ಇಲ್ಲದ ಹೊದಿಕೆಯನ್ನು ಒರೆಸುತ್ತಲೇ ಇತ್ತು.

ಅವಳು ಚಾವಣಿಯಿಂದ ಕಣ್ಣು ಕೀಳಲಿಲ್ಲ. "ಸರಿಯಾಗಿ ತಾರೀಖು ಹೇಳಿಬಿಡಿ ರೀ" ಎಂದಳು. "ಪಾಪ, ಅವರಿಗೂ ಬೇರೆ ಕೆಲಸ ಇರುತ್ತೆ."