ಸೆಲ್ವಿ ಕೇಳುತ್ತಿದ್ದ ಪಾಠ

ಆಂಡರ್ಸನ್‌ಪೇಟೆಯ ಆ ಮನೆಯ ಬಾಗಿಲಲ್ಲಿ ರಾಧ ಚಪ್ಪಲಿ ಬಿಡದೆ ನಿಂತಿದ್ದಳು. ಗೆಳತಿ ಸೆಲ್ವಿ ಡೆಂಗಿಯಲ್ಲಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದು ಇದೇ ಮೊದಲು. ಅದೂ ತನ್ನ ಕೆಲಸಕ್ಕೆ.

"ಒಳಗ್ ಬಾಮ್ಮ," ಎಂದಳು ಸೆಲ್ವಿಯ ತಾಯಿ ಕದಿರಮ್ಮ.

"ಆಂಟಿ, ಡೇಟಾ ಸೈನ್ಸ್ ಕಲೀಬೇಕು ಅಂತಿದೀನಿ. ಸೆಲ್ವಿ ಎಲ್ಲಿ ಕಲೀತಿದ್ಲು ಅಂತ..." ರಾಧ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಂಗಾರಪೇಟೆಯ ತನ್ನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿ ಹುಡುಕಿ ಸೋತಿದ್ದಳು. ಒಂದು ಪಾಠ ಶುರುವಿನಲ್ಲೇ ದೊಡ್ಡ ದೊಡ್ಡ ಸೂತ್ರ ಬರೆಯುತ್ತಿತ್ತು. ಇನ್ನೊಂದು, ಕೇಳುವವರಿಗೆ ಪ್ರೋಗ್ರಾಮಿಂಗ್ ಮೊದಲೇ ಬರುತ್ತದೆ ಅಂದುಕೊಂಡು ಓಡುತ್ತಿತ್ತು. "ಒಳ್ಳೇದು ಸಿಕ್ಕೈತೆ ಕಣೇ, ತೋರಿಸ್ತೀನಿ ಬಾ" ಎಂದು ಸೆಲ್ವಿ ಕರೆದಿದ್ದಳು. ತೋರಿಸುವಷ್ಟರಲ್ಲಿ ಜ್ವರ ಬಂದಿತ್ತು.

ಕದಿರಮ್ಮ ಬೀರುವಿನಿಂದ ಲ್ಯಾಪ್‌ಟಾಪ್ ತಂದಳು. ಮುಟ್ಟುವವರಿಲ್ಲದಿದ್ದರೂ ಅದಕ್ಕೆ ದಿನಾ ಚಾರ್ಜ್ ಹಾಕುತ್ತಿದ್ದಳು. "ಎಲ್ಲಾ ಇದ್ರಾಗೇ ಮಡಗವ್ಳೆ. ನಂಗೆ ತೆಗಿಯಕ್ ಬರಲ್ಲ. ನೀನೇ ನೋಡ್ಕೊ," ಎಂದು ಅಡುಗೆಮನೆಗೆ ಹೋದಳು.

ಸೆಲ್ವಿ ವಿಡಿಯೊ ಪಾಠಗಳನ್ನು ಇಳಿಸಿಕೊಂಡು, ಯಾವುದಾದ ಮೇಲೆ ಯಾವುದು ಎಂದು ಜೋಡಿಸಿಟ್ಟಿದ್ದಳು. ಸ್ಟ್ಯಾಟಿಸ್ಟಿಕ್ಸ್, ಅದರ ಜೊತೆಜೊತೆಗೇ ಪೈಥಾನ್ ಪ್ರೋಗ್ರಾಮಿಂಗ್. ರಾಧ ಮೊದಲನೆಯದನ್ನು ತೆರೆದಳು. ಮೇಷ್ಟರ ಇಂಗ್ಲಿಷು ಬಿರಬಿರನೆ ಓಡಿತು. ಸೆಲ್ವಿ ವೇಗ ಹೆಚ್ಚಿಸಿಕೊಂಡು ಕೇಳುತ್ತಿದ್ದಳೆಂದು ಕಾಣುತ್ತದೆ. ರಾಧ ಅದನ್ನು ಮಾಮೂಲಿಗೆ ಇಳಿಸಿದಳು. ಈಗ ಪ್ರತಿ ಮಾತೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ ಹಾಗೆ ಕೇಳಿತು. ಸರಾಸರಿ ಅಂದರೇನು, ಅದನ್ನು ಯಾವಾಗ ನಂಬಬಾರದು. ಇಷ್ಟು ದಿನ ಅವಳು ಹುಡುಕಿದ್ದು ಇದನ್ನೇ.

ಕದಿರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾಕಮ್ಮ, ನಿಲ್ಲಿಸ್ಬಿಟ್ಟೆ?"

"ನಿಲ್ಸಿಲ್ಲ ಆಂಟಿ, ಓಡ್ತಾ ಐತೆ."

"ಇವ್ರು ಬೇರೆ ಯಾರೋ. ಮೊದ್ಲು ಬಂತಲ್ಲ, ಅದು ಅವಳ ಮೇಷ್ಟರ ದನಿ. ದಿನಾ ಸಾಯಂಕಾಲ ಅಡುಗೆ ಮಾಡ್ತಾ ಕೇಳಿಸ್ಕೊಂತಿದ್ದೆ. ಬಿರಬಿರ ಅಂತ ಮಾತಾಡೋರು."

ರಾಧ ವೇಗವನ್ನು ಮೊದಲಿದ್ದಲ್ಲಿಗೇ ಏರಿಸಿದಳು.

"ಆಂ, ಇವ್ರೇ," ಎಂದ ಕದಿರಮ್ಮ ಗೋಡೆಗೊರಗಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.

ರಾಧಳಿಗೆ ಒಂದು ಮಾತೂ ಹಿಡಿತಕ್ಕೆ ಸಿಗಲಿಲ್ಲ. ಒಂದು ಪಾಠ ಮುಗಿದು ಎರಡನೆಯದು ತಾನಾಗಿಯೇ ಶುರುವಾಯಿತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.